ನಡುವಿನಲ್ಲಿ ಅಂಟದ ಯೋಕ್: ಮನೆಯ ಫ್ಲೈಟ್ ಸಿಮ್ಯುಲೇಟರಿಗೆ ಮೂರು ನಿಯಂತ್ರಕಗಳ ಹೋಲಿಕೆ

ಮನೆಯ ಕಂಪ್ಯೂಟರಿನಲ್ಲಿ ಸೆಸ್ನಾ 172ರಂತಹ ಸಣ್ಣ ವಿಮಾನಗಳನ್ನು ಹಾರಿಸುವವರು ಯೋಕ್ (ಹಿಂದೆ ಮುಂದೆ ಎಳೆದು, ಎಡಬಲಕ್ಕೆ ತಿರುಗಿಸಿ ವಿಮಾನ ನಡೆಸುವ, ಸ್ಟೀರಿಂಗಿನಂತಹ ಹಿಡಿಕೆ) ಕೊಳ್ಳುವುದಾದರೆ ಹನಿಕೋಂಬ್ ಕಂಪನಿಯ ಆಲ್ಫಾವನ್ನೇ ಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅಷ್ಟು ಹಣ ಹೊಂದದಿದ್ದರೆ ಅಗ್ಗದ ಯೋಕಿಗಿಂತ ಒಳ್ಳೆಯ ಜಾಯ್‌ಸ್ಟಿಕ್ ಮೇಲು. ಪುಣೆಯ ಹವ್ಯಾಸಿಯೊಬ್ಬರಿಂದ ಸೆಕೆಂಡ್ ಹ್ಯಾಂಡ್ ಕೊಂಡ ಒಂದು ಹಳೆಯ ಯೋಕ್, ಥ್ರಸ್ಟ್‌ಮಾಸ್ಟರ್ ಟಿ.16000ಎಂ ಜಾಯ್‌ಸ್ಟಿಕ್, ಕೊನೆಗೆ ಆಲ್ಫಾ, ಈ ಮೂರನ್ನೂ ಬೆಳಗಾವಿಯ ನಮ್ಮ ಮನೆಯಲ್ಲಿ ಒಂದೇ ಮೇಜಿನ ಮೇಲೆ, ಒಂದೇ ಕಂಪ್ಯೂಟರಿಗೆ ಜೋಡಿಸಿ ಬಳಸಿದ ಮೇಲೆ ಈ ಮಾತು ಹೇಳುತ್ತಿದ್ದೇನೆ. ಹಳೆಯ ಯೋಕಿನ ತಯಾರಕರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ; ಕೈಯಿಂದ ಕೈಗೆ ದಾಟಿ ಸವೆದು ಬಂದ ವಸ್ತುವಿನ ತೊಂದರೆಯನ್ನು ತಯಾರಕರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಗುಂಡಿಗಳೆಷ್ಟು, ತೂಕವೆಷ್ಟು ಎಂಬ ವಿವರಗಳು ಪೆಟ್ಟಿಗೆಯ ಮೇಲೆಯೇ ಇರುತ್ತವೆ. ನನ್ನ ಹಾರಾಟದ ರೂಢಿಯನ್ನು ಮಾತ್ರ ಮೊದಲೇ ಹೇಳಬೇಕು, ಏಕೆಂದರೆ ನನ್ನ ತೀರ್ಮಾನ ನಿಂತಿರುವುದು ಅದರ ಮೇಲೆ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರಿನಲ್ಲಿ ನಾನು ಹೆಚ್ಚಾಗಿ ಬೆಳಗಾವಿಯ ವಿಮಾನ ನಿಲ್ದಾಣವಾದ ಸಾಂಬ್ರಾದಿಂದ ಹೊರಟು ಹುಬ್ಬಳ್ಳಿಗೋ, ಘಟ್ಟ ದಾಟಿ ಗೋವೆಯ ಮೋಪಾಕ್ಕೋ ಹೋಗಿ, ಮರಳಿ ಸಾಂಬ್ರಾದಲ್ಲಿಯೇ ಇಳಿಯುತ್ತೇನೆ. ಸಾಂಬ್ರಾ ನಿಲ್ದಾಣ ಸಮುದ್ರ ಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿದೆ. ಬೇಸಿಗೆಯ ಮಧ್ಯಾಹ್ನ ಅಲ್ಲಿನ ಗಾಳಿ ಇನ್ನಷ್ಟು ತೆಳುವಾಗುವುದರಿಂದ, ವೇಗಸೂಚಕದಲ್ಲಿ ಎಂದಿನ ಅಂಕಿಯೇ ಕಾಣುತ್ತಿದ್ದರೂ ವಿಮಾನ ರನ್‌ವೇಯ ಮೇಲೆ ಹೆಚ್ಚು ವೇಗದಲ್ಲಿ ಓಡಿ ಬರುತ್ತದೆ, ಮೂಗು ಎತ್ತುವ ಗಳಿಗೆಯನ್ನು ಕೈ ಸರಿಯಾಗಿ ಅಂದಾಜು ಮಾಡಬೇಕಾಗುತ್ತದೆ. ಆಟೋಪೈಲಟ್ ನಾನು ಹಚ್ಚುವುದೇ ಅಪರೂಪ. ನೆಲ ಮುಟ್ಟುವ ಮುಂಚಿನ ಕೊನೆಯ 50 ಅಡಿಗಳಿಗಾಗಿಯೇ ನನಗೆ ಈ ಹವ್ಯಾಸ ಬೇಕು.

ಹಳೆಯ ಯೋಕ್ ಕೈಕೊಟ್ಟದ್ದು ಆ 50 ಅಡಿಗಳಲ್ಲಿಯೇ. ಸ್ಪ್ರಿಂಗ್ ಯೋಕನ್ನು ತಂದು ನಿಲ್ಲಿಸುವ ನಡುವಿನ ಜಾಗದಲ್ಲಿ ಕೈಗೆ ತಿಳಿಯುವಂತಹ ಒಂದು ಸಣ್ಣ ಹಳ್ಳವಿತ್ತು. ಅದರ ಜೊತೆಗೆ, ಹಿಂದೆ ಮುಂದೆ ಜಾರುವ ದಂಡವು ತಾನು ಕುಳಿತಿರುವ ತೂತಿನ ಅಂಚಿಗೆ ಉಜ್ಜಿ ಹಿಡಿಯುತ್ತಿತ್ತು. ಸೆಸ್ನಾ 172 ಸುಮಾರು 65 ನಾಟ್ ವೇಗದಲ್ಲಿ ರನ್‌ವೇಯ ಕಡೆಗೆ ಇಳಿಯುತ್ತದೆ. ರನ್‌ವೇಯ ಅಂಚು ದಾಟಿದ ಮೇಲೆ ಯೋಕನ್ನು ಕೂದಲೆಳೆಯಷ್ಟು, ಮತ್ತೆ ಕೂದಲೆಳೆಯಷ್ಟು ಹಿಂದಕ್ಕೆ ತರುತ್ತ ಮೂಗನ್ನು ನಿಧಾನವಾಗಿ ಎತ್ತಬೇಕು. ಹಳೆಯ ಯೋಕಿನಲ್ಲಿ ಆ ಮೊದಲ ಎಳೆತಕ್ಕೆ ಏನೂ ಆಗುತ್ತಿರಲಿಲ್ಲ. ಸ್ವಲ್ಪ ಒತ್ತಾಯ ಮಾಡಿದೊಡನೆ, ಮಳೆಗಾಲದಲ್ಲಿ ಉಬ್ಬಿಕೊಂಡ ಸಾಗವಾನಿ ಮೇಜಿನ ಖಾನೆ ಎಳೆದಾಗ ಆಗುವಂತೆ, ಬೇಕಾದದ್ದಕ್ಕಿಂತ ಹೆಚ್ಚು ದೂರ ಒಮ್ಮೆಲೇ ಬಂದುಬಿಡುತ್ತಿತ್ತು. ವಿಮಾನ ಮೇಲಕ್ಕೆ ಚಿಮ್ಮುತ್ತಿತ್ತು, ವೇಗ ಕಳೆದುಕೊಳ್ಳುತ್ತಿತ್ತು, ಆಮೇಲೆ ಕುಕ್ಕರಿಸಿ ಬೀಳುತ್ತಿತ್ತು.

ಈ ತೊಡಕು ಹಾರಾಟದಲ್ಲಿ ಪಳಗಿದವರನ್ನೇ ಹೆಚ್ಚು ಕಾಡುತ್ತದೆ ಎಂಬುದನ್ನು ಗಮನಿಸಬೇಕು. ನಿಜವಾದ ವಿಮಾನದಲ್ಲಿ ಪೈಲಟ್ ಟ್ರಿಮ್ ಚಕ್ರ ತಿರುಗಿಸಿದಾಗ ಯೋಕಿನ ಮೇಲಿನ ಒತ್ತಡ ಇಳಿದು, ಯೋಕ್ ತಾನಿರುವ ಹೊಸ ಜಾಗದಲ್ಲಿಯೇ ನೆಮ್ಮದಿಯಿಂದ ನಿಲ್ಲುತ್ತದೆ. ಮನೆಯ ಯೋಕಿನಲ್ಲಿ ಇರುವುದು ಸ್ಪ್ರಿಂಗ್ ಮಾತ್ರ, ಅದಕ್ಕೆ ಗೊತ್ತಿರುವ ನೆಲೆ ಒಂದೇ. ಹೀಗಾಗಿ ಟ್ರಿಮ್ ಎಷ್ಟು ಚೆನ್ನಾಗಿ ಮಾಡಿದರೆ ಯೋಕ್ ಅಷ್ಟೂ ಹೊತ್ತು ನಟ್ಟನಡುವಿನಲ್ಲಿಯೇ ಇರುತ್ತದೆ. ಎಂದರೆ, ಸರಿಯಾಗಿ ಟ್ರಿಮ್ ಮಾಡಿ ಇಳಿಯುವವನ ಕೈ ಯಾವಾಗಲೂ ಆ ಹಳ್ಳದೊಳಗೆಯೇ ಸಿಕ್ಕಿಕೊಂಡಿರುತ್ತದೆ. ಯೋಕ್ ಎಷ್ಟು ಡಿಗ್ರಿ ತಿರುಗುತ್ತದೆ, ಮೇಲೆ ಎಷ್ಟು ಸ್ವಿಚ್ಚುಗಳಿವೆ ಎಂಬುದಕ್ಕಿಂತ ಮೊದಲು ನಡುವಿನ ಈ ಅರ್ಧ ಇಂಚನ್ನು ನೋಡಬೇಕು ಎಂದು ನಾನು ಹೇಳುವುದು ಇದಕ್ಕೇ.

ಸಾಫ್ಟ್‌ವೇರಿನಲ್ಲಿ ಇದಕ್ಕೆ ಮದ್ದಿಲ್ಲ. ಯೋಕಿನ ಚಲನೆಗೆ ವಿಮಾನ ಎಷ್ಟು ಸ್ಪಂದಿಸಬೇಕು ಎಂದು ಹೇಳುವ ಸಿಮ್ಯುಲೇಟರಿನ ಸೂಕ್ಷ್ಮತೆಯ ರೇಖೆಯನ್ನು ನಡುವಿನಲ್ಲಿ ಚಪ್ಪಟೆ ಮಾಡಿದರೆ ಜಿಗಿತದ ಪರಿಣಾಮ ಕೊಂಚ ತಗ್ಗುತ್ತದೆ, ಆದರೆ ಯೋಕಿನ ತುದಿಯ ಭಾಗದಲ್ಲಿ ವಿಮಾನ ಅಷ್ಟೇ ಒರಟಾಗಿ ಸ್ಪಂದಿಸತೊಡಗುತ್ತದೆ. ಡೆಡ್ ಝೋನ್ (ಯೋಕ್ ಅಲುಗಿದರೂ ಸಿಮ್ಯುಲೇಟರ್ ಲೆಕ್ಕಿಸದ ನಡುವಿನ ಭಾಗ) ಹೆಚ್ಚಿಸುವುದಂತೂ ಉಲ್ಟಾ ಉಪಾಯ. ಮೊದಲೇ ಸತ್ತಂತಿರುವ ನಡುವಿನ ಭಾಗವನ್ನು ಅದು ಇನ್ನಷ್ಟು ಅಗಲ ಮಾಡುತ್ತದೆ. ದಂಡವನ್ನು ಒರೆಸಿ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿದಾಗ ಉಜ್ಜುವುದು ಬಹಳ ಮಟ್ಟಿಗೆ ಕಡಿಮೆಯಾಯಿತು, ಹಳ್ಳ ಮಾತ್ರ ಹಾಗೆಯೇ ಉಳಿಯಿತು. ಹೊಲಿಗೆ ಯಂತ್ರದ ಎಣ್ಣೆ ಹಾಕಲು ಕೆಲವರು ಹೇಳುತ್ತಾರೆ. ಬೇಸಿಗೆಯ ನಮ್ಮ ಧೂಳಿಗೆ ಅದು ಕೆಲವೇ ದಿನಗಳಲ್ಲಿ ಮಸಿಯಾಗಿ ಕೂರುವುದರಿಂದ ನಾನು ಆ ದಾರಿ ಹಿಡಿಯಲಿಲ್ಲ.

ದೋಷ ಎಲ್ಲಿದೆ ಎಂದು ಕಂಡುಹಿಡಿಯುವ ವಿಧಾನ ಸರಳವಾಗಿದೆ, ಯಾವ ಯೋಕಿಗಾದರೂ ನಡೆಯುತ್ತದೆ. ವಿಂಡೋಸ್‌ನಲ್ಲಿ ಜಾಯ್.ಸಿಪಿಎಲ್ (joy.cpl) ಎಂಬ ಆದೇಶ ಕೊಟ್ಟರೆ ಗೇಮ್ ಕಂಟ್ರೋಲರುಗಳ ಕಿಟಕಿ ತೆರೆಯುತ್ತದೆ. ಅದರಲ್ಲಿ ಯೋಕಿನ ಪ್ರಾಪರ್ಟೀಸ್‌ಗೆ ಹೋದರೆ ಚೌಕದೊಳಗೆ ಒಂದು ಸಣ್ಣ ಕೂಡು ಗುರುತು ಕಾಣಿಸುತ್ತದೆ. ಯೋಕನ್ನು ಎರಡು ಬೆರಳಲ್ಲಿ ಹಿಡಿದು, ಸಾಧ್ಯವಾದಷ್ಟು ನಿಧಾನವಾಗಿ ಎಳೆಯುತ್ತ ಆ ಗುರುತನ್ನೇ ನೋಡಬೇಕು. ಗುರುತು ಕೆಲಹೊತ್ತು ಅಲುಗದೆ ನಿಂತು ಆಮೇಲೆ ಒಮ್ಮೆಲೇ ಹಾರಿದರೆ ತೊಂದರೆ ದಂಡ ಇಲ್ಲವೇ ಸ್ಪ್ರಿಂಗಿನದು. ಯೋಕನ್ನು ಮುಟ್ಟದೆ ಇದ್ದಾಗಲೂ ಗುರುತು ನಡುಗುತ್ತಿದ್ದರೆ ಸೆನ್ಸರಿನದು. ಹಳೆಯ ಯೋಕುಗಳಲ್ಲಿ ಬಳಸುವ ಪೊಟೆನ್ಶಿಯೋಮೀಟರಿನಲ್ಲಿ ಒಂದು ತುದಿ ಪಟ್ಟಿಯ ಮೇಲೆ ಉಜ್ಜುತ್ತ ಓಡಾಡುವುದರಿಂದ ಧೂಳು ಸೇರಿದಾಗ, ಪಟ್ಟಿ ಸವೆದಾಗ ಹೀಗಾಗುತ್ತದೆ. ಧೂಳಾಗಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇಯಿಂದ ಹೋಗುತ್ತದೆ, ಸವೆತವಾಗಿದ್ದರೆ ಆ ಬಿಡಿಭಾಗವನ್ನೇ ಬದಲಿಸಬೇಕು. ಗುರುತು ನುಣುಪಾಗಿ ಸಾಗುತ್ತಿದ್ದು ವಿಮಾನ ಮಾತ್ರ ಜಿಗಿಯುತ್ತಿದ್ದರೆ ಯೋಕ್ ನಿರ್ದೋಷಿ, ಸಿಮ್ಯುಲೇಟರಿನ ಸೆಟ್ಟಿಂಗುಗಳನ್ನು ಹುಡುಕಬೇಕು.

ಜಾಯ್‌ಸ್ಟಿಕ್ ಬಗ್ಗೆ ಹೇಳುವುದಾದರೆ, ಟಿ.16000ಎಂ ಈ ಪರೀಕ್ಷೆಯಲ್ಲಿ ಹಳೆಯ ಯೋಕನ್ನು ಬಹಳ ಹಿಂದೆ ಬಿಟ್ಟಿತು. ಅದರ ಎರಡು ಮುಖ್ಯ ಅಕ್ಷಗಳಲ್ಲಿ ಇರುವುದು ಅಯಸ್ಕಾಂತ ಮತ್ತು ಅದರ ಚಲನೆಯನ್ನು ಮುಟ್ಟದೆಯೇ ಅಳೆಯುವ ಹಾಲ್ ಎಫೆಕ್ಟ್ ಸೆನ್ಸರ್. ಒಂದಕ್ಕೊಂದು ತಾಗುವ ಭಾಗವೇ ಇಲ್ಲದ್ದರಿಂದ ಅಲ್ಲಿ ಸವೆಯುವ ಮಾತಿಲ್ಲ. ಹಿಡಿಕೆಯನ್ನು ತಿರುಚಿದರೆ ರಡ್ಡರ್ (ಮೂಗನ್ನು ಎಡಬಲಕ್ಕೆ ತಿರುಗಿಸುವ ಬಾಲದ ಹಲಗೆ) ಕೆಲಸ ಮಾಡುತ್ತದೆ, ಬುಡದಲ್ಲಿರುವ ಸ್ಲೈಡರ್ ಥ್ರಾಟಲ್ (ಎಂಜಿನಿನ ಶಕ್ತಿ ಏರಿಳಿಸುವ ಹಿಡಿ) ಆಗುತ್ತದೆ. ಏರ್‌ಬಸ್ ಎ320 ಹಾರಿಸುವವರಿಗೆ ಇದೇ ಸರಿಯಾದ ಸಾಧನ, ಏಕೆಂದರೆ ಆ ವಿಮಾನದಲ್ಲಿ ಯೋಕ್ ಇಲ್ಲ, ಪಕ್ಕದಲ್ಲಿ ಸ್ಟಿಕ್ ಇದೆ. ಆದರೆ ಸೆಸ್ನಾದ ಕಾಕ್‌ಪಿಟ್ಟಿನಲ್ಲಿ ಎಡಗೈ ಯೋಕಿನ ಮೇಲೆ, ಬಲಗೈ ಥ್ರಾಟಲಿನ ಮೇಲೆ ಇರುವ ಆ ಅಭ್ಯಾಸ ಜಾಯ್‌ಸ್ಟಿಕ್ಕಿನಲ್ಲಿ ಬರುವುದಿಲ್ಲ. ಅಡ್ಡಗಾಳಿಯಲ್ಲಿ ಮಣಿಕಟ್ಟು ಒಂದೇ ಹೊತ್ತಿಗೆ ಓಲಿಸಬೇಕು, ಎಳೆಯಬೇಕು, ತಿರುಚಲೂ ಬೇಕು. ತಿರುಚುವಾಗ ಅರಿವಿಲ್ಲದೆ ರೆಕ್ಕೆಯೂ ವಾಲುತ್ತದೆ.

ಆಲ್ಫಾ ಯೋಕಿನ ಉಕ್ಕಿನ ದಂಡ ಬೇರಿಂಗುಗಳ ಮೇಲೆ ಜಾರುತ್ತದೆ, ನಡುವಿನಲ್ಲಿ ಹಳ್ಳವಿಲ್ಲ. ಮೇಲೆ ಹೇಳಿದ ಪರೀಕ್ಷೆಯನ್ನು ಇದರ ಮೇಲೆ ಮಾಡಿದಾಗ ಆ ಸಣ್ಣ ಗುರುತು ನನ್ನ ಬೆರಳಿನ ಜೊತೆಗೆಯೇ ಹೊರಟು, ಬೆರಳಿನ ಜೊತೆಗೆಯೇ ನಿಂತಿತು. ಸಾಂಬ್ರಾದ ರನ್‌ವೇ 26ರ ಮೇಲೆ ಮೊದಲ ಸಲ ಇಳಿದಾಗಲೇ ಮೂಗು ಎತ್ತುವ ಕ್ರಿಯೆಯಲ್ಲಿ ಹಂತ ಹಂತವಾದ ಹಿಡಿತ ಸಿಕ್ಕಿತು. ನಾನು ಕೊಂಡದ್ದು ಸಾರ್ಥಕವಾದದ್ದು ಅಲ್ಲಿಯೇ. ತಿರುಗುವಿಕೆ ಒಟ್ಟು 180 ಡಿಗ್ರಿ, ಹಳೆಯದರಲ್ಲಿ 90 ಮಾತ್ರ. ಅಷ್ಟೇ ಪ್ರಮಾಣದ ವಾಲುವಿಕೆಗೆ ಕೈ ಎರಡರಷ್ಟು ತಿರುಗಬೇಕಾದ್ದರಿಂದ ಸಣ್ಣ ತಿದ್ದುಪಡಿಗಳು ಸುಲಭವಾಗುತ್ತವೆ.

ಆಲ್ಫಾದಲ್ಲಿಯೂ ಗಮನಿಸಬೇಕಾದ ಒಂದು ಸಂಗತಿಯಿದೆ. ಅದರ ಬುಡದಲ್ಲಿರುವ ಬ್ಯಾಟರಿ, ಆಲ್ಟರ್ನೇಟರ್, ದೀಪಗಳ ಸ್ವಿಚ್ಚುಗಳು ಒತ್ತಿಬಿಡುವ ಗುಂಡಿಗಳಂತೆ ವರ್ತಿಸುವುದಿಲ್ಲ; ಪ್ರತಿಯೊಂದು ಸ್ವಿಚ್ಚೂ ಹಚ್ಚಿದಾಗ ಒಂದು ಗುಂಡಿಯ ಸಂಖ್ಯೆಯನ್ನು, ಆರಿಸಿದಾಗ ಇನ್ನೊಂದು ಸಂಖ್ಯೆಯನ್ನು ಕಳಿಸುತ್ತದೆ. ಸಿಮ್ಯುಲೇಟರಿನಲ್ಲಿ ಎರಡಕ್ಕೂ ಬೇರೆ ಬೇರೆ ಆದೇಶ ಕೊಡಬೇಕು. ಒಂದಕ್ಕೆ ಮಾತ್ರ ಅದಲು ಬದಲು ಮಾಡುವ ಆದೇಶ ಕೊಟ್ಟರೆ, ಸ್ವಿಚ್ ಮೇಲಿದ್ದಾಗ ದೀಪ ಆರಿರುವುದು, ಕೆಳಗಿದ್ದಾಗ ಉರಿಯುವುದು ಶುರುವಾಗುತ್ತದೆ. ಐದು ನಿಲುಗಡೆಗಳ ಇಗ್ನಿಷನ್ ಕೀಲಿಗೂ ಇದೇ ನಿಯಮ; ಐದಕ್ಕೂ ಐದು ಆದೇಶ ಬೇಕು.

ಆಲ್ಫಾದ ಜೊತೆಗೆ ಥ್ರಾಟಲ್ ಬರುವುದಿಲ್ಲ. ಅದೇ ಕಂಪನಿಯ ಬ್ರಾವೋ ಎಂಬ ಥ್ರಾಟಲ್ ಘಟಕಕ್ಕೆ ಮತ್ತೊಮ್ಮೆ ಅಷ್ಟೇ ದೊಡ್ಡ ಮೊತ್ತ ಹಾಕುವುದು ನನಗೆ ಆಗದ ಮಾತಾಗಿತ್ತು. ಟಿ.16000ಎಂ ಜಾಯ್‌ಸ್ಟಿಕ್ಕನ್ನು ಮಾರದೆ ಬಲಗಡೆ ಇಟ್ಟುಕೊಂಡು, ಅದರ ಸ್ಲೈಡರನ್ನು ಥ್ರಾಟಲಿಗೂ ತಿರುಚುವ ಹಿಡಿಕೆಯನ್ನು ರಡ್ಡರಿಗೂ ಬಳಸುತ್ತಿದ್ದೇನೆ. ಬಜೆಟ್ ಸಣ್ಣದಿರುವವರಿಗೆ ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಕಂಡಿಲ್ಲ. ಆದರೆ ಒಂದು ಕೆಲಸವನ್ನು ತಪ್ಪದೆ ಮಾಡಬೇಕು: ಸಿಮ್ಯುಲೇಟರ್ ಜಾಯ್‌ಸ್ಟಿಕ್ ಕಂಡೊಡನೆ ಅದಕ್ಕೂ ಏಲೆರಾನ್ (ರೆಕ್ಕೆ ವಾಲಿಸುವ) ಮತ್ತು ಎಲಿವೇಟರ್ (ಮೂಗು ಏರಿಳಿಸುವ) ಅಕ್ಷಗಳನ್ನು ತಾನಾಗಿಯೇ ಹಂಚಿಬಿಡುತ್ತದೆ, ಅವನ್ನು ತೆಗೆದುಹಾಕಬೇಕು. ಇಲ್ಲವಾದರೆ ಎರಡು ಸಾಧನಗಳು ಒಂದೇ ಎಲಿವೇಟರಿಗೆ ಬೇರೆ ಬೇರೆ ಆದೇಶ ಕೊಡುತ್ತ, ಹೊಚ್ಚ ಹೊಸ ಯೋಕ್ ಕೂಡ ನಡುಗುವಂತೆ ಕಾಣುತ್ತದೆ. ಯೋಕ್ ಕೆಟ್ಟಿದೆ ಎಂದು ಹಿಂತಿರುಗಿಸಲು ಹೊರಟವರು ಮೊದಲು ಇದನ್ನು ನೋಡಿಕೊಳ್ಳಲಿ.

ಮೇಜಿನ ವಿಷಯವನ್ನು ಬಹಳ ಜನ ಎಣಿಸುವುದೇ ಇಲ್ಲ. ನಮ್ಮ ಕಡೆಯ ಹಳೆಯ ಮನೆಗಳ ಮೇಜುಗಳಿಗೆ ಹಲಗೆಯ ಕೆಳಗೆ ಸುತ್ತಲೂ ಮರದ ಪಟ್ಟಿ ಇರುತ್ತದೆ. ಯೋಕಿನ ಕ್ಲ್ಯಾಂಪಿಗೆ ಹಿಡಿಯಲು ಅಂಚೇ ಸಿಗುವುದಿಲ್ಲ. ಸಡಿಲವಾಗಿ ಕುಳಿತ ಯೋಕನ್ನು ಎಳೆದಾಗ ಮೊದಲು ಯೋಕಿನ ಬುಡ ಏಳುತ್ತದೆ, ಆಮೇಲೆ ದಂಡ ಜಾರುತ್ತದೆ, ಬೇರಿಂಗಿನ ನುಣುಪೆಲ್ಲ ವ್ಯರ್ಥವಾಗುತ್ತದೆ. ಪರಿಚಯದ ಬಡಿಗೇರರು ಮೇಜಿನ ಮುಂಭಾಗಕ್ಕೆ ದಪ್ಪ ಪ್ಲೈವುಡ್ಡಿನ ಒಂದು ಹಲಗೆಯನ್ನು ಹೊರಚಾಚುವಂತೆ ಕೂರಿಸಿ, ನಮ್ಮೂರಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಮಾಡಿಸಿದ ಎರಡು ಉಕ್ಕಿನ ಎಲ್ ಪಟ್ಟಿಗಳಿಂದ ಕೆಳಗಿನಿಂದ ಬಿಗಿದು ಕೊಟ್ಟರು. ಹಲಗೆ ಮೇಜಿನ ಮಟ್ಟಕ್ಕಿಂತ ತುಸು ಕೆಳಗೆ ಬಂದದ್ದರಿಂದ ತೋಳಿಗೂ ಆರಾಮವಾಯಿತು.

ಯುಎಸ್‌ಬಿ ಬಗ್ಗೆ ಎರಡು ಮಾತು ಸಾಕು. ಯೋಕನ್ನು ಅಗ್ಗದ ಹಬ್ಬಿಗೆ ಚುಚ್ಚದೆ ಕಂಪ್ಯೂಟರಿನ ಹಿಂದಿನ ಪೋರ್ಟಿಗೆ ನೇರವಾಗಿ ಚುಚ್ಚಬೇಕು. ಹಾರಾಟದ ನಡುವೆ ಯೋಕ್ ಸಂಪರ್ಕ ತಪ್ಪುತ್ತಿದ್ದರೆ, ಡಿವೈಸ್ ಮ್ಯಾನೇಜರಿನಲ್ಲಿ ಯುಎಸ್‌ಬಿ ರೂಟ್ ಹಬ್ಬಿನ ಪವರ್ ಮ್ಯಾನೇಜ್‌ಮೆಂಟ್ ಪುಟಕ್ಕೆ ಹೋಗಿ, ವಿದ್ಯುತ್ ಉಳಿಸಲು ಸಾಧನವನ್ನು ಆಫ್ ಮಾಡಬಹುದು ಎಂಬ ಗುರುತನ್ನು ತೆಗೆದುಹಾಕಬೇಕು.

ಟರ್ಟಲ್ ಬೀಚ್ ವೆಲಾಸಿಟಿವನ್ ಫ್ಲೈಟ್‌ನಲ್ಲಿ ಯೋಕ್, ಥ್ರಾಟಲ್, ಟ್ರಿಮ್ ಚಕ್ರ ಎಲ್ಲವೂ ಒಟ್ಟಿಗೆ ಸಿಗುತ್ತವೆ, ಎಕ್ಸ್‌ಬಾಕ್ಸ್‌ಗೂ ನಡೆಯುತ್ತದೆ; ಥ್ರಸ್ಟ್‌ಮಾಸ್ಟರಿನ ಬೋಯಿಂಗ್ ಯೋಕಿನಲ್ಲಿ ದಂಡ ಜಾರುವುದಿಲ್ಲ, ಯೋಕ್ ಲೋಲಕದಂತೆ ತೂಗುತ್ತದೆ. ಇವೆರಡನ್ನೂ ನಾನು ಬಳಸಿಲ್ಲವಾದ್ದರಿಂದ ತೀರ್ಪು ಕೊಡಲಾರೆ.

ಹಳೆಯ ಯೋಕಿಗೆ ನಾನು ಕೊಟ್ಟದ್ದು 9,000 ರೂಪಾಯಿ, ಜಾಯ್‌ಸ್ಟಿಕ್ಕಿಗೆ ಅದಕ್ಕಿಂತ ಕಡಿಮೆ. ಆಲ್ಫಾ 25,000 ದಾಟಿತು. ವಾರಕ್ಕೊಮ್ಮೆ ಅರ್ಧ ಗಂಟೆ ಹಾರಿಸುವವರಿಗೆ ಈ ಅಂತರ ಕೊಡಲು ಕಾರಣವಿಲ್ಲ, ಜಾಯ್‌ಸ್ಟಿಕ್ ಧಾರಾಳವಾಗಿ ಸಾಕು. ನನ್ನಂತೆ ಹೆಚ್ಚಿನ ಸಂಜೆಗಳನ್ನು ಸಣ್ಣ ವಿಮಾನದ ಇಳಿಕೆಗೇ ಕೊಡುವವರು ಕೆಲ ತಿಂಗಳು ಕಾಯ್ದು ಹಣ ಕೂಡಿಟ್ಟು ಆಲ್ಫಾ ಕೊಳ್ಳುವುದು ಉತ್ತಮ. ಸೆಕೆಂಡ್ ಹ್ಯಾಂಡ್ ಯೋಕೇ ಬೇಕೆನ್ನುವವರು, ಅದು ಯಾವ ಕಂಪನಿಯದಾದರೂ ಸರಿ, ಹಣ ಕಳಿಸುವ ಮೊದಲು ಮಾರುವವರಿಂದ ಒಂದು ವಿಡಿಯೋ ತರಿಸಿಕೊಳ್ಳಲಿ: ಜಾಯ್.ಸಿಪಿಎಲ್ ಕಿಟಕಿಯೂ ಕೈಯೂ ಒಟ್ಟಿಗೆ ಕಾಣಬೇಕು, ಯೋಕನ್ನು ನಡುವಿನಿಂದ ಎರಡು ಬೆರಳಲ್ಲಿ ನಿಧಾನವಾಗಿ ಎಳೆಯಬೇಕು, ಆಮೇಲೆ ಕೈ ಬಿಟ್ಟು ಒಂದು ನಿಮಿಷ ಹಾಗೆಯೇ ಬಿಡಬೇಕು.