ರಾಶಿ ಸಂರಕ್ಷಣಾ ನಿಯಮದ ಪ್ರಯೋಗ ಕಿಟ್: ತಕ್ಕಡಿ ಚೆನ್ನಾಗಿದೆ, ಬಲೂನು ಬೇಡ

ಒಂಬತ್ತನೇ ತರಗತಿಯ ಮಕ್ಕಳಿಗೆಂದು ಆನ್‌ಲೈನ್‌ನಲ್ಲಿ ಮಾರಾಟವಾಗುತ್ತಿರುವ ಒಂದು ರಸಾಯನಶಾಸ್ತ್ರದ ಕಿಟ್ಟನ್ನು ಮಗಳಿಗಾಗಿ ತರಿಸಿ, ಅದರಲ್ಲಿರುವ ಪ್ರಯೋಗಗಳನ್ನೆಲ್ಲ ಅವಳೊಂದಿಗೆ ಮಾಡಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ರಾಸಾಯನಿಕ ಕ್ರಿಯೆಯಲ್ಲಿ ಪಾಲ್ಗೊಳ್ಳುವ ವಸ್ತುಗಳ ಒಟ್ಟು ರಾಶಿ (ಅವುಗಳಲ್ಲಿರುವ ದ್ರವ್ಯದ ಪ್ರಮಾಣ) ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ ಎಂಬ ನಿಯಮವನ್ನು ಮಕ್ಕಳು ತಾವೇ ತೂಗಿ ತಿಳಿಯಬೇಕೆಂಬುದು ಈ ಕಿಟ್‌ನ ಉದ್ದೇಶ. ಅದರ ಮಟ್ಟಿಗೆ ಇಲ್ಲಿರುವ ಅತ್ಯುತ್ತಮ ವಸ್ತುವೆಂದರೆ 0.01 ಗ್ರಾಂವರೆಗೆ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ. ಫ್ಯಾನ್ ಆರಿಸಿ, ಸಮತಟ್ಟಾದ ಮೇಜಿನ ಮೇಲಿಟ್ಟರೆ ಅಂಕಿ ಅಲುಗಾಡದೆ ನಿಲ್ಲುತ್ತದೆ.

ಮೊದಲ ಪ್ರಯೋಗ ಪಠ್ಯಪುಸ್ತಕದಲ್ಲಿರುವುದೇ. ಶಂಕುವಿನಾಕಾರದ ಫ್ಲಾಸ್ಕ್‌ನಲ್ಲಿ ವಾಷಿಂಗ್ ಸೋಡಾದ ದ್ರಾವಣ, ಅದರೊಳಗೆ ದಾರದಿಂದ ಇಳಿಬಿಟ್ಟ ಸಣ್ಣ ನಳಿಕೆಯಲ್ಲಿ ಮೈಲುತುತ್ತದ (ತಾಮ್ರದ ಸಲ್ಫೇಟ್) ದ್ರಾವಣ, ಮೇಲೆ ರಬ್ಬರ್ ಬಿರಡೆ. ಎಲ್ಲವನ್ನೂ ಒಟ್ಟಿಗೆ ತೂಗಿ, ಫ್ಲಾಸ್ಕನ್ನು ಓರೆಮಾಡಿದ ಕೂಡಲೇ ತಿಳಿನೀಲಿ ದ್ರಾವಣ ಗಟ್ಟಿಯಾದ ಹಸಿರುನೀಲಿ ಪ್ರಕ್ಷೇಪವಾಗಿ, ಅಂದರೆ ನೀರಿನಲ್ಲಿ ಕರಗದ ಘನವಸ್ತುವಾಗಿ, ಹೆಪ್ಪುಗಟ್ಟುತ್ತದೆ. ಮತ್ತೆ ತೂಗಿದರೆ ಅದೇ ಅಂಕಿ. ಈ ಕ್ರಿಯೆಯಲ್ಲಿ ಸ್ವಲ್ಪ ಇಂಗಾಲದ ಡೈಆಕ್ಸೈಡ್ ಕೂಡ ಹೊರಡುವುದರಿಂದ ಬಿರಡೆ ಬಿಗಿಯಾಗಿರಲೇಬೇಕು, ಇಲ್ಲಿ ಕೊಟ್ಟಿರುವುದು ಬಿಗಿಯಾಗಿಯೇ ಇದೆ. ವಿಷಕಾರಿಯಾದ ಸೀಸದ ನೈಟ್ರೇಟನ್ನಾಗಲಿ ಬೇರಿಯಂ ಕ್ಲೋರೈಡನ್ನಾಗಲಿ ಸೇರಿಸದಿರುವುದು ವಿವೇಕದ ನಿರ್ಧಾರ. ಮೈಲುತುತ್ತವೂ ಹೊಟ್ಟೆಗೆ ಹೋಗಬಾರದ ವಸ್ತುವಾದ್ದರಿಂದ ದೊಡ್ಡವರು ಪಕ್ಕದಲ್ಲಿರಬೇಕು.

ನನ್ನ ಆಕ್ಷೇಪವಿರುವುದು ಬಲೂನಿನ ಪ್ರಯೋಗದ ಬಗ್ಗೆ. ವಿನೆಗರ್ ಇರುವ ಬಾಟಲಿಯ ಬಾಯಿಗೆ, 2 ಗ್ರಾಂ ಅಡುಗೆ ಸೋಡಾ ತುಂಬಿದ ಬಲೂನು ಸಿಕ್ಕಿಸಿ, ಸೋಡಾವನ್ನು ಒಳಗೆ ಸುರಿದು, ಬಲೂನು ಉಬ್ಬಿದ ಮೇಲೆ ತೂಗಿದರೆ ತೂಕ ಬದಲಾಗುವುದಿಲ್ಲ ಎಂದು ಕೈಪಿಡಿ ಹೇಳುತ್ತದೆ. ಬದಲಾಗುತ್ತದೆ. ತಕ್ಕಡಿಯ ಅಂಕಿ ಅರ್ಧ ಗ್ರಾಂಗಿಂತಲೂ ಹೆಚ್ಚು ಇಳಿಯಿತು. ಹಾಗಾದರೆ ಅನಿಲ ಸೋರಿರಬೇಕು, ಬಲೂನನ್ನು ಇನ್ನೂ ಬಿಗಿಯಾಗಿ ಕಟ್ಟಿ ಎನ್ನುತ್ತದೆ ಕೈಪಿಡಿ. ಇದು ಮಕ್ಕಳನ್ನು ದಾರಿ ತಪ್ಪಿಸುವ ಮಾತು. 2 ಗ್ರಾಂ ಸೋಡಾದಿಂದ ಹೆಚ್ಚೆಂದರೆ ಸುಮಾರು 1.05 ಗ್ರಾಂ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಕೋಣೆಯ ಉಷ್ಣಾಂಶದಲ್ಲಿ ಅದರ ಗಾತ್ರ ಅರ್ಧ ಲೀಟರ್‌ಗೂ ಹೆಚ್ಚು. ಉಬ್ಬಿದ ಬಲೂನು ಅಷ್ಟೇ ಗಾತ್ರದ ಗಾಳಿಯನ್ನು ಪಕ್ಕಕ್ಕೆ ಸರಿಸುತ್ತದೆ, ಒಂದು ಲೀಟರ್ ಗಾಳಿಯ ರಾಶಿ ಸುಮಾರು 1.2 ಗ್ರಾಂ ಇರುವುದರಿಂದ ಆ ಗಾಳಿ ಬಲೂನನ್ನು ಮೇಲಕ್ಕೆ ಎತ್ತಿಹಿಡಿಯುತ್ತದೆ, ತಕ್ಕಡಿ ಅಷ್ಟರಮಟ್ಟಿಗೆ ಕಡಿಮೆ ತೋರಿಸುತ್ತದೆ. ಒಂದು ಕಣವೂ ಸೋರಿರುವುದಿಲ್ಲ. ಇಷ್ಟು ಸೂಕ್ಷ್ಮವಾದ ತಕ್ಕಡಿಯನ್ನು ಕೊಟ್ಟವರು ಅದು ತೋರಿಸುವ ಅಂಕಿಗೆ ಸರಿಯಾದ ಕಾರಣವನ್ನೂ ಕೊಡಬೇಕಿತ್ತು. ಆರ್ಕಿಮಿಡೀಸ್ ತತ್ವವನ್ನು ಇದೇ ತರಗತಿಯಲ್ಲಿ ಓದುವ ಹುಡುಗಿಗೆ ಅದು ಅರ್ಥವಾಗದ ವಿಷಯವೇನಲ್ಲ.

ಉಕ್ಕಿನ ನಾರನ್ನು ಸುಟ್ಟು ತೂಗುವ ಮೂರನೆಯ ಪ್ರಯೋಗದಲ್ಲಿ ತೂಕ ಹೆಚ್ಚುತ್ತದೆ, ಕಬ್ಬಿಣ ಗಾಳಿಯ ಆಮ್ಲಜನಕವನ್ನು ಸೇರಿಸಿಕೊಂಡಿರುತ್ತದೆ. 1774ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಲವಾಸಿಯೇ ಮುಚ್ಚಿದ ಗಾಜಿನ ಪಾತ್ರೆಯಲ್ಲಿ ತವರವನ್ನು ಕಾಯಿಸಿ, ಒಟ್ಟು ತೂಕ ಬದಲಾಗದಿರುವುದನ್ನು ಕಂಡದ್ದನ್ನು ಇಲ್ಲಿ ಎರಡೇ ಸಾಲಿನಲ್ಲಾದರೂ ಹೇಳಿದ್ದರೆ ಮುಚ್ಚಿದ ಪಾತ್ರೆ ಏಕೆ ಬೇಕೆಂಬುದು ತಾನಾಗಿಯೇ ತಿಳಿಯುತ್ತಿತ್ತು.

ಕೊಳ್ಳುವವರು ಕೊಳ್ಳಬಹುದು, ತಕ್ಕಡಿಗೇ ಅರ್ಧ ಬೆಲೆ ಸಲ್ಲುತ್ತದೆ. ಆದರೆ ಬಲೂನನ್ನು ಬದಿಗಿಟ್ಟು, ತಂಪು ಪಾನೀಯದ ಒಂದು ಲೀಟರ್‌ನ ಖಾಲಿ ಬಾಟಲಿಯಲ್ಲಿ 50 ಮಿಲಿಲೀಟರ್ ವಿನೆಗರ್ ಹಾಕಿ, ಟಿಶ್ಯೂ ಕಾಗದದಲ್ಲಿ ಸುತ್ತಿದ 2 ಗ್ರಾಂ ಸೋಡಾವನ್ನು ಒಳಗೆ ಬಿಟ್ಟು, ಕೂಡಲೇ ಮುಚ್ಚಳ ಬಿಗಿಮಾಡಿ ತೂಗಿ. ಸೋಡಾವನ್ನು ಇದಕ್ಕಿಂತ ಹೆಚ್ಚಿಸಬೇಡಿ. ನೊರೆ ಇಳಿದ ಮೇಲೆ ಮತ್ತೆ ತೂಗಿದರೆ ವ್ಯತ್ಯಾಸವಿದ್ದರೂ ಎರಡನೆಯ ದಶಮಾಂಶ ಸ್ಥಾನದಲ್ಲಷ್ಟೇ ಇರುತ್ತದೆ; ಆಮೇಲೆ ಮುಚ್ಚಳವನ್ನು ನಿಧಾನವಾಗಿ ಸಡಿಲಿಸಿ, ಹೊರಹೋದ ಅನಿಲದ ತೂಕವನ್ನು ಮಕ್ಕಳೇ ಓದಿಕೊಳ್ಳಲಿ.