ಬಸವನಗುಡಿಯ ವರ್ಲ್ಡ್ ಕಲ್ಚರ್: ಆಫೀಸಿನ ಆಚೆಗೂ ನಾಲ್ಕು ಜನ ಬೇಕು ಅನ್ನುವವರಿಗೆ

ಐದಕ್ಕೆ ನಾಲ್ಕು ಸ್ಟಾರ್. ಬಿ.ಪಿ. ವಾಡಿಯಾ ರಸ್ತೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ಗೆ ಹೋಗಿಬಂದವರು ಲೈಬ್ರರಿಯನ್ನೋ ಸಂಗೀತ ಕಚೇರಿಯನ್ನೋ ಹೊಗಳುತ್ತಾರೆ. ಎರಡೂ ಚೆನ್ನಾಗಿವೆ. ನಾನು ಹೇಳಬೇಕಾಗಿರುವುದು ಬೇರೆ. ಆಫೀಸು ಬಿಟ್ಟರೆ ಮಾತಾಡೋಕೆ ಯಾರೂ ಇಲ್ಲ ಅನ್ನುವವರು ಇಲ್ಲಿಗೆ ಬರಬೇಕು.

ಈ ಬೆಂಗಳೂರಲ್ಲಿ ಅಂಥವರು ತುಂಬಾ ಜನ ಇದ್ದೀವಿ, ಅಲ್ವಾ? ಹಾಸನದಿಂದಲೋ ಹುಬ್ಬಳ್ಳಿಯಿಂದಲೋ ಬಂದು ಪಿಜಿ ಸೇರುತ್ತೇವೆ, ಕ್ಯಾಬ್‌ನಲ್ಲಿ ಪಕ್ಕ ಕೂತವರು, ಊಟಕ್ಕೆ ಒಟ್ಟಿಗೆ ಹೋಗುವವರು ಗೆಳೆಯರಾಗುತ್ತಾರೆ, ಆಮೇಲೆ ಹುಟ್ಟುಹಬ್ಬಕ್ಕೂ ನಂದಿ ಬೆಟ್ಟಕ್ಕೂ ಮನೆ ಬದಲಾಯಿಸೋಕೂ ಅವರೇ. ಆ ಸ್ನೇಹ ಸುಳ್ಳಲ್ಲ. ಆದರೆ ಅದರ ಬುಡ ಕಂಪನಿಯ ಕೈಯಲ್ಲಿರುತ್ತದೆ. ನನ್ನ ಹಳೆಯ ಕಂಪನಿಯಲ್ಲಿ ಟೀಮ್ ಒಡೆದು ಅರ್ಧ ಜನರನ್ನು ಮನೆಗೆ ಕಳಿಸಿದಾಗ, ನಮ್ಮ ಊಟದ ಗುಂಪಿನ ವಾಟ್ಸಾಪ್‌ನಲ್ಲಿ ಮೊದಲು ಬೇರೆ ಕೆಲಸಕ್ಕೆ ರೆಫರಲ್ ಕೇಳುವ ಮೆಸೇಜುಗಳು ಬಂದವು, ಆಮೇಲೆ ಹಬ್ಬದ ಶುಭಾಶಯ, ಆಮೇಲೆ ಅದೂ ಇಲ್ಲ. ಗೆಳೆಯರ ಮೇಲೆ ನನಗೆ ಕೋಪವಿಲ್ಲ. ದಿನಾ ಮುಖ ನೋಡುವ ಜಾಗವೇ ಹೋದ ಮೇಲೆ ಅವರಾದರೂ ಏನು ಮಾಡುತ್ತಾರೆ?

ಅಂಥ ಜಾಗ ಇಲ್ಲಿ ಸಿಗುತ್ತದೆ. 1945ರಲ್ಲಿ ಬಿ.ಪಿ. ವಾಡಿಯಾ ಮತ್ತು ಸೋಫಿಯಾ ವಾಡಿಯಾ ಶುರು ಮಾಡಿದ ಸಂಸ್ಥೆ. ಸಂಜೆ ಉಪನ್ಯಾಸ, ಹಾಡು, ನೃತ್ಯ ಇರುತ್ತವೆ, ಪ್ರವೇಶ ಉಚಿತ. ಕಾರ್ಯಕ್ರಮ ಬೇರೆಯಾದರೂ ಬರುವವರು ಹೆಚ್ಚುಕಮ್ಮಿ ಅವರೇ. ಒಬ್ಬರು ಹಿರಿಯರಿದ್ದಾರೆ, ಬಟ್ಟೆ ಚೀಲದಿಂದ ಡೈರಿ ತೆಗೆದು ತಾರೀಖು, ಮಾತಾಡುವವರ ಹೆಸರು ಬರೆದು, ಸ್ಕೇಲಿಲ್ಲದೆ ನೇರವಾಗಿ ಒಂದು ಗೆರೆ ಎಳೆದೇ ಕೇಳೋಕೆ ಕೂರುವುದು. ಒಂದು ವಾರ ನಾನು ಹೋಗಿರಲಿಲ್ಲ. "ಏನಮ್ಮಾ, ಹೋದ ವಾರ ಕಾಣಲೇ ಇಲ್ಲ, ಹುಷಾರಾಗಿದ್ದೀಯಾ?" ಅಂತ ಕೇಳಿ, ನಾನು ತಪ್ಪಿಸಿಕೊಂಡ ಭಾಷಣದ ಪುಟ ಬಿಚ್ಚಿ ಕೈಗೆ ಕೊಟ್ಟರು. ಅವರು ನನ್ನ ಊರು ಕೇಳಿದ್ದಾರೆ, ಅಮ್ಮನ ಮಂಡಿನೋವು ವಿಚಾರಿಸಿದ್ದಾರೆ. ಕಂಪನಿ ಯಾವುದು ಅಂತ ಇವತ್ತಿಗೂ ಕೇಳಿಲ್ಲ. ಕೆಲಸ ಬದಲಾದರೂ ಈ ಪರಿಚಯಕ್ಕೆ ಏನೂ ಆಗುವುದಿಲ್ಲ ಅನ್ನುವುದು ನನಗೆ ದೊಡ್ಡ ಧೈರ್ಯ.

ಒಂದು ಸ್ಟಾರ್ ಯಾಕೆ ಕಡಿಮೆ? ಮೂವತ್ತರ ಆಸುಪಾಸಿನವರು ಕಮ್ಮಿ, ರಿಟೈರ್ ಆದವರೇ ಜಾಸ್ತಿ. ಮತ್ತೆ ದೂರ. ವೈಟ್‌ಫೀಲ್ಡ್‌ನಲ್ಲಿ ಲಾಗೌಟ್ ಮಾಡಿ, ಮೆಟ್ರೋದ ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಬಂದು, ಹಸಿರು ಮಾರ್ಗಕ್ಕೆ ಬದಲಾಯಿಸಿ, ನ್ಯಾಷನಲ್ ಕಾಲೇಜು ಸ್ಟೇಷನ್‌ನಲ್ಲಿ ಇಳಿದು ನಡೆದು ಬರುವಷ್ಟರಲ್ಲಿ ಅರ್ಧ ಭಾಷಣ ಮುಗಿದಿರುತ್ತದೆ. ವಾರಾಂತ್ಯದ ಕಾರ್ಯಕ್ರಮ ನೋಡಿಕೊಂಡು ಬನ್ನಿ, ಕಾರು ಮಾತ್ರ ತರಬೇಡಿ.

ಚಪ್ಪಾಳೆ ಮುಗಿದ ತಕ್ಷಣ ಕ್ಯಾಬ್ ಬುಕ್ ಮಾಡಬೇಡಿ. ಗೇಟಿನ ಹತ್ತಿರ ಜನ ನಿಂತಿರುತ್ತಾರೆ, ಒಂದಿಬ್ಬರು ಗಾಂಧಿ ಬಜಾರ್ ಕಡೆ ಕಾಫಿಗೆ ಹೊರಡುತ್ತಾರೆ. ನಾನೂ ಬರಲಾ ಅಂತ ಕೇಳಿಬಿಡಿ. ಬೇಡ ಅಂದವರನ್ನು ನಾನಿನ್ನೂ ನೋಡಿಲ್ಲ.