ಗೆರೆ ಇರುವ ಮುಟ್ಟಿನ ಕಪ್: ಸ್ರಾವ ಅಳೆಯಲು ಎಷ್ಟು ನಂಬಬಹುದು?

"ಜಾಸ್ತಿ ಹೋಗ್ತಿದೆ" ಅಂದರೆ ಎಷ್ಟು? ಪ್ಯಾಡ್ ಲೆಕ್ಕ ಬರೀ ಅಂದಾಜು. ಯೋನಿಯೊಳಗಿಟ್ಟು ರಕ್ತ ಹಿಡಿಯುವ, ಮಿಲಿಲೀಟರ್ ಗೆರೆ ಇರುವ ಸಿಲಿಕೋನ್ ಕಪ್ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಚೆಲ್ಲುವ ಮುಂಚೆ ನೆಟ್ಟಗೆ ಹಿಡಿದು ಗೆರೆ ನೋಡಿ ಬರೆದಿಡಿ. ಇಡೀ ಮುಟ್ಟಿಗೆ 80 ಮಿ.ಲೀ. ದಾಟಿದರೆ ಅತಿಸ್ರಾವ, ಡಾಕ್ಟರಿಗೆ ತೋರಿಸಿ. ಗೆರೆ ತೀರಾ ಸಣ್ಣದಿದ್ದರೆ ರಕ್ತ ಮೆತ್ತಿಕೊಂಡು ಕಾಣುವುದೇ ಇಲ್ಲ, ಅಂಥದ್ದು ಬೇಡ. ಒಳಗಿಟ್ಟ ಮೇಲೆ ಕಪ್ಪಿನ ಅಂಚು ಪೂರ್ತಿ ಬಿಚ್ಚಿಕೊಳ್ಳದಿದ್ದರೆ ಸೋರುತ್ತದೆ, ಲೆಕ್ಕ ತಪ್ಪುತ್ತದೆ. ತೆಗೆಯುವಾಗ ತೊಟ್ಟು ಹಿಡಿದೆಳೆಯದೆ ಬುಡ ಅದುಮಿ ಹಿಡಿತ ಬಿಡಿಸಿ. ಕಾಪರ್-ಟಿ (ಗರ್ಭ ತಡೆಯಲು ಗರ್ಭಕೋಶದಲ್ಲಿಡುವ ಸಾಧನ) ಇದ್ದವರು ಮೊದಲು ಡಾಕ್ಟರನ್ನು ಕೇಳಿ. ಎಳೆತಕ್ಕೆ ಅದು ಜಾರಬಹುದು.

ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ಸ್ರಾವ ಎರಡು ಗಂಟೆ ಮುಂದುವರಿದರೆ, ಅಥವಾ ತಲೆ ಸುತ್ತಿದರೆ, ಅಳೆಯುತ್ತ ಕೂರದೆ ಆಸ್ಪತ್ರೆಗೆ ಹೊರಡಿ. ಮುಟ್ಟು ನಿಂತು ವರ್ಷವಾದ ಮೇಲೆ ಹನಿ ಕಂಡರೂ ತಪಾಸಣೆ ಮಾಡಿಸಬೇಕು.